ವರ್ಷಕ್ಕೆ ಇಪ್ಪತ್ತು ಮ್ಯಾಚ್ ನೋಡುವವನಿಗೆ ಯಾವುದು ಸರಿ? ಆ್ಯಪ್, ಕೇಬಲ್, ಫ್ರೀ ಡಿಶ್ ಮೂರನ್ನೂ ನೋಡಿ ಬರೆದದ್ದು

ನಾನು ವರ್ಷಕ್ಕೆ ಹೆಚ್ಚೆಂದರೆ ಇಪ್ಪತ್ತು ಮ್ಯಾಚ್ ನೋಡುವವನು. ಆರ್‌ಸಿಬಿ ಆಡುವ ದಿನ ಮನೆಯಲ್ಲಿದ್ದರೆ ಅದು, ವಿಶ್ವಕಪ್ಪಿನ ಸೆಮಿಫೈನಲ್ ಮತ್ತು ಫೈನಲ್, ಟೆಸ್ಟ್ ಆದರೆ ಕೊನೆಯ ದಿನದ ಕೊನೆಯ ಗಂಟೆ. ಊಟ ಮಾಡುತ್ತಾ ಎರಡು ಓವರ್ ನೋಡಿ ಎದ್ದು ಹೋಗುವ ದಿನಗಳೂ ಇದರಲ್ಲಿ ಸೇರಿವೆ. ನನ್ನಂಥವರೇ ಜಾಸ್ತಿ ಇದ್ದಾರೆ ಅನ್ನುವುದು ನನ್ನ ನಂಬಿಕೆ. ಆದರೆ ಮ್ಯಾಚ್ ತೋರಿಸುವವರ ಬೆಲೆಪಟ್ಟಿ ನೋಡಿದರೆ ನಾವು ಇದ್ದೇವೆ ಅನ್ನುವುದೇ ಅವರಿಗೆ ಗೊತ್ತಿಲ್ಲವೇನೋ ಅನಿಸುತ್ತದೆ.

ನಮ್ಮಲ್ಲಿ ಮೂರು ಮನೆ, ಮೂರು ಬಗೆ. ದಾವಣಗೆರೆಯಲ್ಲಿ ನಾವಿರುವ ಬಾಡಿಗೆ ಮನೆಯಲ್ಲಿ ಮೊಬೈಲು ಮತ್ತು ಆ್ಯಪ್. ಹಾಸನದ ಅತ್ತೆ ಮಾವನ ಮನೆಯಲ್ಲಿ ಕೇಬಲ್. ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಅಪ್ಪ ಅಮ್ಮನಿಗೆ ಡಿಡಿ ಫ್ರೀ ಡಿಶ್, ಅಂದರೆ ತಿಂಗಳ ದುಡ್ಡಿಲ್ಲದ ದೂರದರ್ಶನದ ಡಿಶ್. ಎರಡು ವರ್ಷದಿಂದ ಈ ಮೂರು ಕಡೆಯೂ ಕೂತು ಮ್ಯಾಚ್ ನೋಡಿದ್ದೇನೆ. ಹಾಗೆ ನೋಡಿ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ್ಯಪ್. ಬೆಲೆ ಮಾತ್ರ ನೋಡಿದರೆ ಇದನ್ನು ಬೈಯುವ ಹಾಗಿಲ್ಲ. 2025ರ ಐಪಿಎಲ್ ಹೊತ್ತಿಗೆ ಜಿಯೋಹಾಟ್‌ಸ್ಟಾರ್‌ನಲ್ಲಿ ಮೊಬೈಲ್ ಪ್ಯಾಕ್ ಮೂರು ತಿಂಗಳಿಗೆ 149 ರೂಪಾಯಿ, ಟಿವಿಯಲ್ಲೂ ನೋಡಬಹುದಾದ ಪ್ಯಾಕ್ 299 ರೂಪಾಯಿ ಇತ್ತು. ಆ ಸಲ ಆರ್‌ಸಿಬಿ ಫೈನಲ್ ಸೇರಿ 15 ಪಂದ್ಯ ಆಡಿತು. ಅಂದರೆ 149ರ ಪ್ಯಾಕ್‌ನಲ್ಲಿ ಒಂದು ಮ್ಯಾಚಿಗೆ ಹತ್ತು ರೂಪಾಯಿಯೂ ಬೀಳಲಿಲ್ಲ. ಹೋಟೆಲಲ್ಲಿ ಒಂದು ಕಾಫಿಗೆ ಅದಕ್ಕಿಂತ ಜಾಸ್ತಿ ಕೊಡುತ್ತೇವೆ, ಅಲ್ವಾ?

ಆದರೆ ಆ 149 ಒಬ್ಬನಿಗೆ, ಒಂದು ಮೊಬೈಲಿಗೆ. ಹೆಂಡತಿ ಮಗಳು ಇಬ್ಬರೂ ಆ ಐದೂವರೆ ಇಂಚಿನ ಪರದೆಗೆ ಬಗ್ಗಿ ನೋಡಬೇಕು. ಹತ್ತು ನಿಮಿಷ ನೋಡಿ ಮಗಳು ಎದ್ದು ಹೋಗುತ್ತಾಳೆ. ನಾನು ಆಟ ಕಲಿತದ್ದು ಯಾರೂ ಹೇಳಿಕೊಟ್ಟು ಅಲ್ಲ. ಮನೆಯಲ್ಲಿ ಟಿವಿ ಓಡುತ್ತಿತ್ತು, ಅಪ್ಪ ಚಿಕ್ಕಪ್ಪ ಮಾತಾಡುತ್ತಿದ್ದರು, ನಾನು ಹೋಂವರ್ಕ್ ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾನೊಬ್ಬನೇ ನೋಡುವ ಮ್ಯಾಚ್ ಮಗಳ ಕಿವಿಗೆ ಬೀಳುವುದೇ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಇನ್ನು ಡೇಟಾ. ನನ್ನದು ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್. ಚಿತ್ರ ಸ್ವಲ್ಪ ಚೆನ್ನಾಗಿ ಬರಲಿ ಅಂತ ಇಟ್ಟರೆ ಎರಡನೇ ಇನ್ನಿಂಗ್ಸ್ ನಡುವೆ ಖಾಲಿ. ಮತ್ತೆ ಆ್ಯಡ್-ಆನ್ ಹಾಕಿಸಬೇಕು. ಹಾಗಾಗಿ ಆ್ಯಪ್ ಬೆಲೆ ಹೇಳುವಾಗ ಡೇಟಾ ಬೆಲೆಯನ್ನೂ ಸೇರಿಸಿ ಹೇಳಬೇಕು. ಮನೆಗೆ ವೈಫೈ ಇದ್ದವರಿಗೆ ಈ ತೊಂದರೆ ಇಲ್ಲ, ನಿಜ. ಆದರೆ ಮ್ಯಾಚಿಗೋಸ್ಕರ ಯಾರೂ ವೈಫೈ ಹಾಕಿಸುವುದಿಲ್ಲ.

ಆಮೇಲೆ ಆ ತಡ. ಇಂಟರ್ನೆಟ್‌ನಲ್ಲಿ ಬರುವ ಲೈವ್ ಯಾವ ಆ್ಯಪ್‌ನಲ್ಲಾದರೂ ಟಿವಿಗಿಂತ ಸ್ವಲ್ಪ ಹಿಂದೆಯೇ ಇರುತ್ತದೆ. ವಿಡಿಯೋವನ್ನು ತುಂಡು ತುಂಡು ಮಾಡಿ ಕಳಿಸುತ್ತಾರೆ, ಮೊಬೈಲು ಒಂದೆರಡು ತುಂಡು ಕೈಯಲ್ಲಿಟ್ಟುಕೊಂಡೇ ಆಡಿಸುವುದು, ಅದಕ್ಕೆ. 2024ರ ಜೂನ್ 29ರಂದು ಟಿ20 ವಿಶ್ವಕಪ್ ಫೈನಲ್. ಕೊನೆಯ ಓವರಿನ ಮೊದಲ ಚೆಂಡನ್ನು ದಕ್ಷಿಣ ಆಫ್ರಿಕಾದ ಮಿಲ್ಲರ್ ಎತ್ತಿ ಹೊಡೆದ, ಸೂರ್ಯಕುಮಾರ್ ಗೆರೆಯ ಹತ್ತಿರ ಹಿಡಿದು ಬಿಟ್ಟು ಮತ್ತೆ ಹಿಡಿದ. ನನ್ನ ಮೊಬೈಲಿನಲ್ಲಿ ಹಾರ್ದಿಕ್ ಇನ್ನೂ ಓಡಿ ಬರಲು ಶುರುಮಾಡಿರಲಿಲ್ಲ, ಕೆಳಗಿನ ಮನೆಯಲ್ಲಿ ಕೂಗು ಎದ್ದಿತು. ಅವರದು ಕೇಬಲ್. ಆ ಕ್ಯಾಚನ್ನು ನಾನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ, ಆದರೆ ಆ ರಾತ್ರಿ ಅದು ಏನಾಗುತ್ತದೆ ಎಂದು ತಿಳಿಯದೆ ನೋಡುವ ಅವಕಾಶ ನನಗೆ ಸಿಗಲಿಲ್ಲ.

ಇದೆಲ್ಲ ಸಹಿಸಬಹುದು. ನನಗೆ ಸಹಿಸಲಾಗದ್ದು ಪ್ಯಾಕ್‌ನ ಅಳತೆ. 2025ರ ಮಾರ್ಚ್ 22ಕ್ಕೆ, ಐಪಿಎಲ್ ಶುರುವಾದ ದಿನ, ಮೂರು ತಿಂಗಳ ಪ್ಯಾಕ್ ಹಾಕಿದೆ. ಜೂನ್ 20ಕ್ಕೆ ಲೀಡ್ಸ್‌ನಲ್ಲಿ ಇಂಗ್ಲೆಂಡ್ ಜೊತೆ ಮೊದಲ ಟೆಸ್ಟ್ ಶುರುವಾಯಿತು, ಅದೇ ವಾರ ಪ್ಯಾಕ್ ಮುಗಿಯಿತು. ಐದು ಟೆಸ್ಟ್ ಪೂರ್ತಿ ನೋಡುವವನು ನಾನಲ್ಲ, ಹಾಗಾಗಿ ಮತ್ತೆ ಹಾಕಲಿಲ್ಲ. ನಮ್ಮ ಕೆ.ಎಲ್. ರಾಹುಲ್ ಆ ಸರಣಿಯಲ್ಲಿ 532 ರನ್ ಹೊಡೆದ, ಅದನ್ನೆಲ್ಲ ಹೈಲೈಟ್ಸ್‌ನಲ್ಲೇ ನೋಡಿದೆ. ಆಗಸ್ಟ್ 4, ಸೋಮವಾರ ಮಧ್ಯಾಹ್ನ, ಓವಲ್‌ನಲ್ಲಿ ಕೊನೆಯ ಟೆಸ್ಟಿನ ಕೊನೆಯ ದಿನ. ಇಂಗ್ಲೆಂಡಿಗೆ 35 ರನ್ ಬೇಕು, ನಾಲ್ಕು ವಿಕೆಟ್ ಇದೆ. ಆಟ ಒಂದು ಗಂಟೆಯ ಆಚೆಈಚೆ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ನನಗೆ ಬೇಕಾದದ್ದು ಆ ಒಂದು ಗಂಟೆ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಕೇಳಿದ್ದರೆ ಅಲ್ಲೇ ಕೊಡುತ್ತಿದ್ದೆ. ಕೇಳಿದ್ದು ಮೂರು ತಿಂಗಳ ದುಡ್ಡು. ಕ್ರಿಕ್‌ಬಜ್‌ನಲ್ಲಿ ಸ್ಕೋರು ಓದುತ್ತಾ ಕೂತೆ. ಪ್ರಸಿದ್ಧ ಕೃಷ್ಣ ಟಂಗ್‌ನ ಸ್ಟಂಪ್ ಹಾರಿಸಿದ್ದು, ಸಿರಾಜ್ ಅಟ್ಕಿನ್ಸನ್‌ನ ಸ್ಟಂಪ್ ಹಾರಿಸಿದ್ದು, ಆರು ರನ್ನಿಂದ ಗೆದ್ದದ್ದು, ಎಲ್ಲವೂ ನನಗೆ ಅಕ್ಷರದಲ್ಲಿ ಬಂತು.

ಒಂದು ಮ್ಯಾಚಿಗೆ ಮಾತ್ರ ದುಡ್ಡು ಕೊಡುವ ಪದ್ಧತಿ ಇಲ್ಲವೆಂದಲ್ಲ. ಫ್ಯಾನ್‌ಕೋಡ್ ಎಂಬ ಆ್ಯಪ್‌ನವರು ಒಂದು ಪಂದ್ಯಕ್ಕೆ, ಒಂದು ಟೂರಿಗೆ ಅಂತ ಪಾಸ್ ಕೊಡುತ್ತಾರೆ. ನನ್ನ ಪ್ರಕಾರ ನಮ್ಮಂಥವರಿಗೆ ಸರಿಯಾದ ದಾರಿ ಅದೇ. ಆದರೆ ಎಲ್ಲರೂ ಕಾಯುವ ದೊಡ್ಡ ಮ್ಯಾಚ್‌ಗಳ ಹಕ್ಕು ಬೇರೆಯವರ ಕೈಯಲ್ಲಿರುತ್ತದೆ. ಅದೂ ಒಬ್ಬರ ಕೈಯಲ್ಲಿ ಇರುವುದಿಲ್ಲ. ಐಪಿಎಲ್‌ಗೆ ಒಂದು ಆ್ಯಪ್ ಹಾಕಿಸಿಕೊಂಡೆವು ಅಂತ ನಿಶ್ಚಿಂತೆಯಿಂದ ಇದ್ದರೆ 2025ರ ಸೆಪ್ಟೆಂಬರಿನ ಏಷ್ಯಾ ಕಪ್ ಸೋನಿಯಲ್ಲಿ ಬಂತು. ಯಾವ ಟೂರ್ ಯಾರ ಹತ್ತಿರ ಇದೆ ಎಂದು ನೆನಪಿಟ್ಟುಕೊಳ್ಳುವುದು ದಿನಾ ಕ್ರಿಕೆಟ್ ನೋಡುವವರ ಕೆಲಸ.

ಮೊದಲು ಎಲ್ಲ ಫ್ರೀ ಇತ್ತಲ್ಲ, ಈಗೇನಾಯಿತು ಅಂತ ಮಾವ ಕೇಳುತ್ತಾರೆ. 2022ರ ಹರಾಜಿನಲ್ಲಿ ಐಪಿಎಲ್‌ನ ಐದು ವರ್ಷದ ಹಕ್ಕು ಒಟ್ಟು 48,390 ಕೋಟಿಗೆ ಹೋಯಿತು. ಟಿವಿ ಹಾಟ್‌ಸ್ಟಾರ್ ನಡೆಸುತ್ತಿದ್ದ ಸ್ಟಾರ್ ಕಂಪನಿಗೆ, ಇಂಟರ್ನೆಟ್ ಇನ್ನೊಂದಕ್ಕೆ. ಇಂಟರ್ನೆಟ್ ಹಕ್ಕು ಗೆದ್ದ ವಯಾಕಾಮ್18 ಜನರನ್ನು ಸೆಳೆಯಲು 2023ರಲ್ಲಿ ಜಿಯೋಸಿನಿಮಾದಲ್ಲಿ ಐಪಿಎಲ್ ಫ್ರೀ ಬಿಟ್ಟಿತು, ಕನ್ನಡ ಕಾಮೆಂಟರಿಯೂ ಇತ್ತು. ಎದುರಿಗಿದ್ದ ಹಾಟ್‌ಸ್ಟಾರ್ ಸುಮ್ನೆ ಇರಲಿಲ್ಲ, ಅದೇ ವರ್ಷ ಏಷ್ಯಾ ಕಪ್ಪನ್ನೂ ವಿಶ್ವಕಪ್ಪನ್ನೂ ಮೊಬೈಲಿನಲ್ಲಿ ಫ್ರೀ ಕೊಟ್ಟಿತು. ಇಬ್ಬರು ಅಂಗಡಿಯವರು ಪೈಪೋಟಿಗೆ ಬಿದ್ದರೆ ಗಿರಾಕಿಗೆ ಲಾಭ. 2024ರ ನವೆಂಬರಿನಲ್ಲಿ ಎರಡೂ ಕಂಪನಿ ಒಂದಾದವು, 2025ರ ಫೆಬ್ರವರಿ 14ಕ್ಕೆ ಎರಡೂ ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಮುಂದಿನ ತಿಂಗಳ ಐಪಿಎಲ್ ಪೂರ್ತಿ ನೋಡಲು ದುಡ್ಡು ಬೇಕಾಯಿತು. ನಮಗೆ ಸಿಕ್ಕ ಆ ಎರಡು ವರ್ಷ ಬರೀ ಪೈಪೋಟಿಯಿಂದ ಸಿಕ್ಕದ್ದು.

ಇನ್ನು ಹಾಸನದ ಕೇಬಲ್. ಕೂತು ನೋಡುವ ಸುಖದಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ದೊಡ್ಡ ಪರದೆ, ತಡವಿಲ್ಲ, ಸ್ಟಾರ್ ಸ್ಪೋರ್ಟ್ಸ್ ಕನ್ನಡದಲ್ಲಿ ವಿಜಯ್ ಭಾರದ್ವಾಜ್ ಅವರಂಥ ಆಡಿ ಬಂದವರ ಮಾತು, ಮಾವ ಒಂದು ಕಡೆ, ಅಡುಗೆಮನೆಯಿಂದಲೇ ಸ್ಕೋರು ಕೇಳುವ ಅತ್ತೆ ಇನ್ನೊಂದು ಕಡೆ. ಅತ್ತೆಗೆ ಕ್ರಿಕೆಟ್‌ಗಿಂತ ಕಬಡ್ಡಿ ಇಷ್ಟ. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಕಪ್ ಗೆದ್ದ ರಾತ್ರಿಯನ್ನು ಈಗಲೂ ಹೇಳುತ್ತಾರೆ. ಅವರು ಕಬಡ್ಡಿಗೆ ಅಂತ ದುಡ್ಡು ಕೊಟ್ಟವರಲ್ಲ. ಚಾನೆಲ್ ತಿರುಗಿಸುವಾಗ ಸಿಕ್ಕಿತು, ನೋಡಿದರು, ಹಿಡಿಸಿತು. ಆ್ಯಪ್‌ನಲ್ಲಿ ಹೀಗೆ ಸಿಗುವುದು ಕಷ್ಟ.

ಆದರೆ ಕೇಬಲ್ ಬಿಲ್ಲು ಮ್ಯಾಚ್ ಇಲ್ಲದ ತಿಂಗಳೂ ಬರುತ್ತದೆ. 2019ರಲ್ಲಿ ಕೇಬಲ್, ಫೋನು ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್ ಹೊಸ ನಿಯಮ ತಂದು, ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳಿ ಎಂದಿತು. ಯಾವ ಚಾನೆಲ್ಲೂ ತೆಗೆದುಕೊಳ್ಳುವ ಮೊದಲೇ ಸಂಪರ್ಕದ ಶುಲ್ಕ ಅಂತ ಆಗ 130 ರೂಪಾಯಿವರೆಗೆ, ಜಿಎಸ್‌ಟಿ ಸೇರಿ 153 ಇತ್ತು. ಅದರ ಮೇಲೆ ಒಂದೊಂದು ಚಾನೆಲ್ಲಿಗೂ ಬೆಲೆ. ಮಾವ ನಿವೃತ್ತರು, ಲೆಕ್ಕದ ಮನುಷ್ಯ. ಸ್ಪೋರ್ಟ್ಸ್ ಪ್ಯಾಕ್ ತೆಗೆಸಿಬಿಟ್ಟರು. ಐಪಿಎಲ್ ಬಂದಾಗ ಹಾಕಿಸುತ್ತಾರೆ, ಮುಗಿದ ಮೇಲೆ ತೆಗೆಸುತ್ತಾರೆ. ಪ್ರತಿ ಸಲವೂ ಕೇಬಲ್‌ನವರಿಗೆ ಎರಡು ಮೂರು ಫೋನು.

ಹಾಗೆ ಪ್ಯಾಕ್ ತೆಗೆಸಿದ್ದ 2024ರ ಜೂನ್‌ನಲ್ಲೇ ಅವರಿಗೆ ಒಂದು ಪ್ರಶ್ನೆ ಎದ್ದಿತು. ನಮ್ಮೂರಲ್ಲಿ ಅಪ್ಪ ಡಿಡಿಯಲ್ಲಿ ಇಂಡಿಯಾ ಮ್ಯಾಚ್ ನೋಡುತ್ತಿದ್ದರು. ಮಾವ ಫೋನಿನಲ್ಲಿ ಅದನ್ನು ಕೇಳಿ ತಮ್ಮ ಟಿವಿಯಲ್ಲೂ ಡಿಡಿ ಹಾಕಿದರು. ಬೇರೆ ಏನೋ ಬರುತ್ತಿತ್ತು. "ಅದೇ ಸರ್ಕಾರದ ಚಾನೆಲ್ಲು ಕಣಪ್ಪ. ಅವರ ಮನೇಲಿ ಬರೋದು ನಮ್ಮನೇಲಿ ಯಾಕೆ ಬರಲ್ಲ?" ಎಂದು ನನಗೆ ಫೋನ್ ಮಾಡಿದರು.

ಒಳ್ಳೆಯ ಪ್ರಶ್ನೆ. ಉತ್ತರ ಉದ್ದವಿದೆ. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ಇಲ್ಲಿಗೆ ಬಂದಿದ್ದಾಗ ಹಕ್ಕು ಕೊಂಡಿದ್ದ ನಿಂಬಸ್ ಕಂಪನಿ ದೂರದರ್ಶನಕ್ಕೆ ನೇರಪ್ರಸಾರ ಕೊಡಲು ಒಪ್ಪಲಿಲ್ಲ. ದೆಹಲಿ ಹೈಕೋರ್ಟಿಗೆ ಹೋಗಿ ಕೊನೆಗೆ ಏಳು ನಿಮಿಷ ತಡವಾಗಿ ತೋರಿಸುವುದು ಅಂತಾಯಿತು. ಅದಾದ ಮೇಲೆ ಸರ್ಕಾರ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ತಂದಿತು: ದೇಶಕ್ಕೆ ಮುಖ್ಯ ಎಂದು ಸರ್ಕಾರ ಪಟ್ಟಿ ಮಾಡಿದ ಆಟಗಳ ಪ್ರಸಾರವನ್ನು ಖಾಸಗಿಯವರು ದೂರದರ್ಶನ ನಡೆಸುವ ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಲೇಬೇಕು. ಟಿವಿ ಜಾಹೀರಾತಿನ ದುಡ್ಡಿನಲ್ಲಿ ಹಕ್ಕುದಾರರಿಗೆ 75 ಪಾಲು, ಪ್ರಸಾರ ಭಾರತಿಗೆ 25. ಇಂಡಿಯಾ ತಂಡದ ಒಂದು ದಿನದ ಪಂದ್ಯ, ಟಿ20, ವಿಶ್ವಕಪ್ ಸೆಮಿಫೈನಲ್ ಫೈನಲ್, ಒಲಿಂಪಿಕ್ಸ್ ಎಲ್ಲ ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ.

ಕೇಬಲ್‌ನವರು ಡಿಡಿ ಚಾನೆಲ್ಲುಗಳನ್ನು ಕೊಡಲೇಬೇಕು ಎಂದು ಬೇರೊಂದು ಕಾಯ್ದೆ ಹೇಳುತ್ತದೆ. ಹಾಗಾಗಿ ಆ ಮ್ಯಾಚ್‌ಗಳು ಕೇಬಲ್ ಮನೆಗೂ ಡಿಡಿ ಮೂಲಕ ಬರುತ್ತಿದ್ದವು. ನಾವು ದುಡ್ಡು ಕೊಟ್ಟು ಕೊಂಡದ್ದಕ್ಕೆ ಇದರಿಂದ ಹೊಡೆತ ಎಂದು ಹಕ್ಕುದಾರರು ವಾದಿಸಿದರು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು: ಹಂಚಿಕೊಂಡ ಪ್ರಸಾರ ದೂರದರ್ಶನದ ಸ್ವಂತ ಟವರ್‌ಗೆ ಮತ್ತು ಸ್ವಂತ ಡಿಟಿಎಚ್‌ಗೆ (ಅಂದರೆ ಫ್ರೀ ಡಿಶ್‌ಗೆ) ಮಾತ್ರ, ಕೇಬಲ್‌ಗೆ ಇಲ್ಲ. ಹಳೆಯ ಟವರ್‌ಗಳನ್ನು 2022ರ ಹೊತ್ತಿಗೆ ಹೆಚ್ಚುಕಮ್ಮಿ ನಿಲ್ಲಿಸಿಯೇಬಿಟ್ಟರು. ಉಳಿದದ್ದು ಫ್ರೀ ಡಿಶ್ ಒಂದೇ. ಹಾಗಾಗಿ ತಿಂಗಳು ತಿಂಗಳು ದುಡ್ಡು ಕಟ್ಟುವ ಮಾವನ ಮನೆಯ ಡಿಡಿಯಲ್ಲಿ ಮ್ಯಾಚ್ ಇಲ್ಲ, ಏನೂ ಕಟ್ಟದ ಅಪ್ಪನ ಮನೆಯ ಡಿಡಿಯಲ್ಲಿ ಇದೆ. ಹಕ್ಕು ಕೊಂಡವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಬಡವರಿಗೆ ಸಿಗಲಿ ಎಂದು ಮಾಡಿದ ಕಾಯ್ದೆ 150 ರೂಪಾಯಿಯ ಕೇಬಲ್ ಇಟ್ಟುಕೊಂಡ ಮನೆಯನ್ನು ಶ್ರೀಮಂತರ ಸಾಲಿಗೆ ಸೇರಿಸಿದ್ದು ಸರಿಯಲ್ಲ ಎಂದೇ ನನಗನಿಸುತ್ತದೆ.

ಇನ್ನು ಅಪ್ಪನ ಫ್ರೀ ಡಿಶ್. ಡಿಶ್ಶು, ಬಾಕ್ಸು, ವೈರು ಎಲ್ಲ ಸೇರಿ ಸಾಗರದ ಪೇಟೆಯಲ್ಲಿ 1,600 ರೂಪಾಯಿ ಕೊಟ್ಟಿದ್ದರು, ಆಮೇಲೆ ಒಂದು ರೂಪಾಯಿಯೂ ಖರ್ಚಿಲ್ಲ. ಮಲೆನಾಡಿನ ಜೋರು ಮಳೆಗೆ ಚಿತ್ರ ಹೋಗುತ್ತದೆ, ಅದು ಎಲ್ಲ ಡಿಶ್‌ಗೂ ಇರುವ ಕಷ್ಟ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹಾಕಿ ತಂಡ ಸ್ಪೇನನ್ನು 2-1ರಿಂದ ಸೋಲಿಸಿ ಕಂಚು ಗೆದ್ದದ್ದನ್ನು ಅಪ್ಪ ಇದರಲ್ಲೇ ನೋಡಿದರು. ವರ್ಷಕ್ಕೆ ಹತ್ತು ಇಂಡಿಯಾ ಮ್ಯಾಚ್ ನೋಡುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಐಪಿಎಲ್ ಬೇಕು ಅಂದರೆ ಮಾತ್ರ ಕೈ ಕಟ್ಟಿದ ಹಾಗೆ. 2025ರ ಜೂನ್ 3ಕ್ಕೆ ನಾನು ಊರಲ್ಲಿದ್ದೆ. ಕಪ್ಪಿಗಾಗಿ ಹದಿನೆಂಟು ಸೀಸನ್ ಕಾದ ಆರ್‌ಸಿಬಿಯ ಫೈನಲ್ಲು, ಟಿವಿಯಲ್ಲಿ ಇಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಪಡಸಾಲೆಯ ಕಿಟಕಿ ಹತ್ತಿರ ಮಾತ್ರ. ಅಲ್ಲಿ ಮೊಬೈಲ್ ಒರಗಿಸಿಟ್ಟು ಅಪ್ಪ, ಅಮ್ಮ, ಪಕ್ಕದ ಮನೆಯವರು, ಅವರ ಇಬ್ಬರು ಹುಡುಗರು, ನಾನು, ಎಲ್ಲ ಸುತ್ತ ಕೂತೆವು. ಚಿತ್ರ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಕೃನಾಲ್ ಪಾಂಡ್ಯನ ಎರಡನೇ ವಿಕೆಟ್ ಹೊತ್ತಿಗೆ ಪೂರ್ತಿ ನಿಂತು ಹೋಯಿತು, ವಿಕೆಟ್ ಬಿದ್ದದ್ದು ಗೊತ್ತಾದದ್ದು ಸ್ಕೋರು ನೋಡಿ. "ಏನ ಮಾರಾಯ, ಒಂದು ಮ್ಯಾಚಾದ್ರೂ ನೆಟ್ಟಗೆ ತೋರ್ಸೋಕಾಗಲ್ವಾ ಇವರಿಗೆ" ಅಂದರು ಅಪ್ಪ. ಕೊನೆಯ ಓವರ್ ಮಾತ್ರ ಪೂರ್ತಿ ಬಂತು. ಕೊಹ್ಲಿ ಕಣ್ಣೊರೆಸಿಕೊಂಡದ್ದನ್ನು ಎಲ್ಲರೂ ನೋಡಿದೆವು. ಅಮ್ಮನೂ ಅತ್ತರು.

ರೇಡಿಯೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಆಕಾಶವಾಣಿ ಹಾಕಿದ ದಿನಗಳಲ್ಲಿ ಹಿಂದಿ, ಇಂಗ್ಲಿಷ್ ಕಾಮೆಂಟರಿ ಸಿಕ್ಕಿತು. ಬಸ್ಸಿನಲ್ಲಿ ಹೋಗುವಾಗ ಸಾಕು, ಅಮ್ಮನಿಗೆ ಆಗುವುದಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿರುವ ಅಕ್ಕ ಭಾವನ ಪಾಡು ಇನ್ನೂ ಬೇರೆ. ದೇಶ ದೇಶಕ್ಕೆ ಹಕ್ಕು ಬೇರೆ ಬೇರೆ ಮಾರುವುದರಿಂದ ಇಲ್ಲಿ ಕೊಂಡ ಪ್ಯಾಕ್ ಅಲ್ಲಿ ನಡೆಯುವುದಿಲ್ಲ. ಅವರು ಅಲ್ಲಿಯ ಕ್ರಿಕೆಟ್ ಚಾನೆಲ್ ವಿಲೋಗೆ ತಿಂಗಳಿಗೆ ಹತ್ತು ಡಾಲರ್ ಹತ್ತಿರ ಕೊಡುತ್ತಾರೆ.

ನನ್ನನ್ನು ಕೇಳಿದರೆ ಹೀಗೆ ಮಾಡಿ: ಫ್ರೀ ಡಿಶ್ ಒಂದು ಸಲ ಹಾಕಿಸಿ, ಐಪಿಎಲ್ ಹೊತ್ತಿಗೆ ಮಾತ್ರ ಟಿವಿಯಲ್ಲಿ ನೋಡಬಹುದಾದ ಪ್ಯಾಕ್ ತೆಗೆದುಕೊಳ್ಳಿ. ಬರೀ ಮೊಬೈಲಿನದು ಬೇಡ, ಸ್ವಲ್ಪ ದುಡ್ಡು ಉಳಿಸಲು ಹೋಗಿ ಮನೆಯವರನ್ನು ಆಟದಿಂದ ದೂರ ಮಾಡಿದ ಹಾಗಾಗುತ್ತದೆ. ಮನೆಯಲ್ಲಿ ಧಾರಾವಾಹಿ, ವಾರ್ತೆ ನೋಡುವವರು ಇದ್ದರೆ ಕೇಬಲ್ ಹೇಗೂ ಇರುತ್ತದೆ, ಅಲ್ಲಿ ಮಾವನ ಹಾಗೆ ಆ ಎರಡು ತಿಂಗಳು ಸ್ಪೋರ್ಟ್ಸ್ ಪ್ಯಾಕ್ ಹಾಕಿಸಿ ತೆಗೆಸುವುದೇ ಕಮ್ಮಿ ಬೀಳುತ್ತದೆ.

ಹಾಸನದ ಮನೆಯ ತಾರಸಿ ಮೇಲೂ ಈ ದಸರಾ ರಜೆಯಲ್ಲಿ ಒಂದು ಫ್ರೀ ಡಿಶ್ ಹಾಕಿಸಿದೆವು. ಕೇಬಲ್ ಬಾಕ್ಸ್ ಒಂದು ವೈರಿಗೆ, ಇದು ಇನ್ನೊಂದಕ್ಕೆ. ಟಿವಿ ರಿಮೋಟಿನಲ್ಲಿ ಯಾವ ಗುಂಡಿ ಒತ್ತಿದರೆ ಯಾವುದು ಬರುತ್ತದೆ ಎಂದು ಮಗಳು ಕನ್ನಡದಲ್ಲಿ ಚೀಟಿ ಬರೆದು ರಿಮೋಟಿನ ಹಿಂದೆ ಅಂಟಿಸಿದ್ದಾಳೆ. ಅಜ್ಜಿಯ ಧಾರಾವಾಹಿ, ಅಜ್ಜನ ಮ್ಯಾಚು.