ಗ್ಯಾಸ್ ಕಿಟ್ ಹಾಕಿಸಿದ ವಾರದಲ್ಲೇ ದೂರ ಹೊರಡಬೇಡಿ

ಎರಡು ದಿನದ ರಸ್ತೆ, ಒಂದು ರಾತ್ರಿಯ ಫೆರ್ರಿ, ಇಳಿದ ಮೇಲೆ ಮತ್ತೆ ಅರ್ಧ ದಿನದ ದಾರಿ. ಅಕ್ಕನ ಮನೆಗೆ ಹೋಗಬೇಕಿತ್ತು. ಅಷ್ಟು ದೂರಕ್ಕೆ ಪೆಟ್ರೋಲ್ ಖರ್ಚು ಜಾಸ್ತಿ ಆಗುತ್ತದೆ ಎಂದು, ಹೊರಡಲು ಐದೇ ದಿನ ಇರುವಾಗ ಕಾರಿಗೆ ಎಲ್‌ಪಿಜಿ ಕಿಟ್ ಹಾಕಿಸಿದೆ. ಆ ಆತುರದಿಂದ ಅಮ್ಮ ಮತ್ತು ಮಗಳು ಒಂದು ಇಡೀ ರಾತ್ರಿ ಬಂದರಿನ ಬೆಂಚಿನ ಮೇಲೆ ಕಳೆಯಬೇಕಾಯಿತು. ನೀವೂ ಹೀಗೇ ಲೆಕ್ಕ ಹಾಕುತ್ತಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ.

ಗ್ಯಾಸ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಸರಿಯಾಗಿ ಹಾಕಿಸಿದ ಕಿಟ್ ವರ್ಷಗಟ್ಟಲೆ ತೊಂದರೆ ಕೊಡದೆ ಓಡುತ್ತದೆ. ಆದರೆ ಹೊಸ ಕಿಟ್‌ಗೆ ಒಂದಷ್ಟು ದಿನ ಹತ್ತಿರದ ಓಡಾಟ ಬೇಕು. ಪೈಪಿನ ಕೀಲುಗಳು ಗಾಡಿಯ ಅದುರುವಿಕೆಗೆ ಸ್ವಲ್ಪ ಸಡಿಲವಾಗುತ್ತವೆ. ಅದಕ್ಕೇ ಮೊದಲ ಸಾವಿರ, ಸಾವಿರದ ಐನೂರು ಕಿಲೋಮೀಟರ್ ಆದ ಮೇಲೆ ಒಮ್ಮೆ ತಂದು ತೋರಿಸಿ ಎನ್ನುತ್ತಾರೆ. ನನಗೂ ಹೇಳಿದ್ದರು. ಬಂದ ಮೇಲೆ ತೋರಿಸಿದರಾಯಿತು ಅಂದುಕೊಂಡೆ.

ಮೊದಲ ಪೆಟ್ಟು ಬಿದ್ದದ್ದು ಘಾಟಿ ಹತ್ತುವಾಗ. ಕಾರು ತುಂಬ ಜನ, ಡಿಕ್ಕಿ ತುಂಬ ಸಾಮಾನು. ಅರ್ಧ ಏರು ಹತ್ತುವಷ್ಟರಲ್ಲಿ ಎಂಜಿನ್ ಎಳೆಯದೆ ಜಗ್ಗತೊಡಗಿತು. ಬಾನೆಟ್ ಎತ್ತಿ ನೋಡಿದರೆ, ದ್ರವ ಗ್ಯಾಸನ್ನು ಆವಿ ಮಾಡಿ ಎಂಜಿನ್ನಿಗೆ ಕೊಡುವ ರೆಡ್ಯೂಸರ್ ಎಂಬ ಭಾಗದ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು. ಬಿಸಿ ಎಂಜಿನ್ನಿನ ಪಕ್ಕದಲ್ಲೇ ಹಿಮ! ಅದು ಯಾಕೆ ಎಂದು ಆಗ ಗೊತ್ತಿರಲಿಲ್ಲ. ಟ್ಯಾಂಕಿನಲ್ಲಿ ಎಲ್‌ಪಿಜಿ ದ್ರವವಾಗಿರುತ್ತದೆ. ರೆಡ್ಯೂಸರ್‌ನಲ್ಲಿ ಅದು ಆವಿಯಾಗುವಾಗ ಸುತ್ತಲಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಆ ಶಾಖ ಸಿಗಲಿ ಎಂದೇ ಎಂಜಿನ್ನನ್ನು ತಂಪಾಗಿಡುತ್ತಾ ತಾನು ಬಿಸಿಯಾಗುವ ದ್ರವವನ್ನು, ಅಂದರೆ ಕೂಲೆಂಟನ್ನು, ರೆಡ್ಯೂಸರ್ ಮೂಲಕ ಹರಿಸುತ್ತಾರೆ. ಕಿಟ್ ಹಾಕುವಾಗ ಆ ಪೈಪಿನಲ್ಲಿ ಗಾಳಿ ಉಳಿದುಬಿಟ್ಟರೆ, ಅಥವಾ ಕೂಲೆಂಟ್ ಕಡಿಮೆ ಇದ್ದರೆ, ಬಿಸಿ ತಲುಪುವುದೇ ಇಲ್ಲ. ಊರೊಳಗೆ ಮೆಲ್ಲಗೆ ಓಡಿಸಿದರೆ ಇದು ಗೊತ್ತಾಗದೇ ಇರಬಹುದು. ಏರಿನಲ್ಲಿ ಎಂಜಿನ್ ಜಾಸ್ತಿ ಗ್ಯಾಸ್ ಕೇಳುತ್ತದಲ್ವಾ, ಆಗ ಬಯಲಾಗುತ್ತದೆ.

ಪೆಟ್ರೋಲ್‌ಗೆ ಬದಲಿಸಿದೆ. ಅಲ್ಲಿ ಎರಡನೇ ತಪ್ಪು ಕಾದಿತ್ತು. ಗ್ಯಾಸ್ ಇದೆಯಲ್ಲ ಎಂದು ಪೆಟ್ರೋಲ್ ಟ್ಯಾಂಕನ್ನು ತಳ ಕಾಣುವಷ್ಟು ಖಾಲಿ ಬಿಟ್ಟಿದ್ದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಈ ಕಾರುಗಳು ತಣ್ಣಗಿರುವಾಗ ಸ್ಟಾರ್ಟ್ ಆಗುವುದು ಪೆಟ್ರೋಲ್‌ನಲ್ಲೇ. ಎಂಜಿನ್ ಬಿಸಿಯಾದ ಮೇಲೆ ಗ್ಯಾಸಿಗೆ ಬದಲಾಗುತ್ತದೆ. ಟ್ಯಾಂಕಿನೊಳಗೆ ಇರುವ ಪೆಟ್ರೋಲ್ ಪಂಪನ್ನು ತಣ್ಣಗಿಡುವುದೂ ಆ ಪೆಟ್ರೋಲೇ. ಬರಿದಾದ ಟ್ಯಾಂಕಿನಲ್ಲಿ ಪಂಪ್ ತಿರುಗುತ್ತಿದ್ದರೆ ಅದು ಬೇಗ ಹಾಳಾಗುತ್ತದೆ. ನಮ್ಮ ಪಂಪ್ ಹೇಗೋ ಉಳಿಯಿತು. ಘಾಟಿಯ ತುದಿವರೆಗೆ ಪೆಟ್ರೋಲ್ ಸಾಲುತ್ತದೋ ಇಲ್ಲವೋ ಎನ್ನುವ ಭಯದಲ್ಲಿ ಎಲ್ಲರೂ ಮಾತೇ ಆಡದೆ ಕೂತಿದ್ದೆವು.

ಬಂದರು ತಲುಪಿದಾಗ ಸಂಜೆ. ಫೆರ್ರಿಯ ಸಾಲಿನಲ್ಲಿ ಸಿಬ್ಬಂದಿಯೊಬ್ಬರು ಬಂದು, ಗಾಡಿಯಲ್ಲಿ ಗ್ಯಾಸ್ ಇದೆಯಾ ಎಂದು ಕೇಳಿದರು. ಇದೆ ಎಂದೆ. ಟಿಕೆಟ್‌ನಲ್ಲಿ ಪೆಟ್ರೋಲ್ ಎಂದಿತ್ತು. ಬುಕ್ ಮಾಡುವಾಗ ಇಂಧನ ಯಾವುದು ಎಂದು ಕೇಳಿದ್ದ ಜಾಗದಲ್ಲಿ ನಾನೇ ಹಾಗೆ ಒತ್ತಿದ್ದೆ. ಕಾರಿನ ನೋಂದಣಿ ಪತ್ರದಲ್ಲೂ ಪೆಟ್ರೋಲ್ ಎಂದೇ ಇತ್ತು. ಬದಲಾವಣೆಯನ್ನು ಅದರಲ್ಲಿ ಸೇರಿಸಲು ಸಮಯವೇ ಸಿಕ್ಕಿರಲಿಲ್ಲ. ಕಿಟ್ ಹಾಕಿದ ಪ್ರಮಾಣಪತ್ರ ಎಲ್ಲಿ ಎಂದರು. ಅದೂ ಕೈಗೆ ಬಂದಿರಲಿಲ್ಲ. ಟ್ಯಾಂಕಿನ ವಾಲ್ವ್ ಮುಚ್ಚಿ ತೋರಿಸಿ ಎಂದರು. ಟ್ಯಾಂಕ್ ಕೂರಿಸಿದ್ದು ಸ್ಟೆಪ್ನಿ ಇಡುವ ಗುಂಡಿಯಲ್ಲಿ. ಅದರ ಮೇಲೆ ನಾಲ್ಕು ಸೂಟ್‌ಕೇಸ್, ಅವುಗಳ ಮೇಲೆ ಸ್ಟೆಪ್ನಿ. ಎಲ್ಲವನ್ನೂ ನೆಲಕ್ಕಿಳಿಸಿ ಮುಚ್ಚಳ ತೆಗೆದೆವು. ತೆಗೆದ ಕೂಡಲೇ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು.

ಆ ಕ್ಷಣ ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಎರಡು ದಿನ ಆ ಟ್ಯಾಂಕಿನ ಮುಂದಿನ ಸೀಟಿನಲ್ಲೇ ಮಗಳು ಮಲಗಿದ್ದಳು.

ಸಿಬ್ಬಂದಿ ಕಾರನ್ನು ಸಾಲಿನಿಂದ ಪಕ್ಕಕ್ಕೆ ತಳ್ಳಿಸಿದರು. ಹತ್ತಿಸುವುದಿಲ್ಲ ಎಂದರು. ನಾನು ಬೇಡಿಕೊಂಡೆ, ವಾದವನ್ನೂ ಮಾಡಿದೆ. ಈಗ ಯೋಚಿಸಿದರೆ ಅವರು ಮಾಡಿದ್ದೇ ಸರಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ, ನೆಲದಲ್ಲೇ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಫೆರ್ರಿಯ ಹೊಟ್ಟೆಯೊಳಗೆ ನೂರಾರು ಗಾಡಿಗಳನ್ನು ಮುಚ್ಚಿದ ಜಾಗದಲ್ಲಿ ಒತ್ತಿ ನಿಲ್ಲಿಸಿರುತ್ತಾರೆ. ಅಲ್ಲಿ ಒಂದು ಕಿಡಿ ಹಾರಿದರೆ? ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಸಮುದ್ರದಡಿಯ ಸುರಂಗದಲ್ಲಿ ಓಡುವ ಕಾರು ರೈಲಿನಲ್ಲಂತೂ ಎಲ್‌ಪಿಜಿ ಕಾರುಗಳನ್ನು ಹತ್ತಿಸಿಕೊಳ್ಳುವುದೇ ಇಲ್ಲ, ಪೆಟ್ರೋಲ್‌ನಲ್ಲಿ ಓಡಿಸುತ್ತೇನೆ ಎಂದರೂ ಇಲ್ಲ. ಫೆರ್ರಿಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ಟಿಕೆಟ್ ಮಾಡಿಸುವ ಮುಂಚೆಯೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮರುದಿನ ಬೆಳಗ್ಗೆ ಬಂದ ಮೆಕ್ಯಾನಿಕ್ ಸೋಪಿನ ನೀರು ಹಚ್ಚಿದರು. ಗ್ಯಾಸ್ ತುಂಬಿಸುವ ಪೈಪು ಟ್ಯಾಂಕಿಗೆ ಸೇರುವಲ್ಲಿ ಗುಳ್ಳೆ ಎದ್ದಿತು. ನಟ್ಟು ಪೂರ್ತಿ ಬಿಗಿದೇ ಇರಲಿಲ್ಲ. ಕೂಲೆಂಟ್ ಪೈಪಿನ ಗಾಳಿಯನ್ನೂ ಅವರೇ ತೆಗೆದರು. ಎರಡಕ್ಕೂ ಸೇರಿ ಒಂದು ಗಂಟೆಯೂ ಹಿಡಿಯಲಿಲ್ಲ. ಊರಲ್ಲಿದ್ದಾಗಲೇ ತೋರಿಸಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ಹೋಗುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು. ಟ್ಯಾಂಕನ್ನು 80 ಪ್ರತಿಶತಕ್ಕಿಂತ ಜಾಸ್ತಿ ತುಂಬಿಸಬಾರದು, ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು. ಅಲ್ಲಿಗೆ ನಿಲ್ಲಿಸುವ ವಾಲ್ವ್ ಟ್ಯಾಂಕಿನಲ್ಲೇ ಇರುತ್ತದೆ. ಅದು ಸರಿಯಾಗಿ ನಿಲ್ಲಿಸುತ್ತದೆಯೇ ಎಂದು ಮೊದಲ ಸಲ ತುಂಬಿಸುವಾಗಲೇ ನೋಡಿಕೊಳ್ಳಬೇಕಂತೆ.

ದೇಶ ದಾಟಿ ಹೋಗುವವರಿಗೆ ಇನ್ನೊಂದು ತೊಡಕಿದೆ. ಗ್ಯಾಸ್ ತುಂಬಿಸುವ ನಳಿಕೆಯ ಮೂತಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಯೂರೋಪ್‌ನಲ್ಲೇ ನಾಲ್ಕು ಥರ ಇವೆ. ಹೊಂದುವ ಅಡಾಪ್ಟರ್ ಜೊತೆಗಿಲ್ಲದಿದ್ದರೆ ಪಂಪ್ ಎದುರಿಗಿದ್ದರೂ ತುಂಬಿಸಲಾಗದು. ಒಂದು ಲೀಟರ್ ಎಲ್‌ಪಿಜಿಗೆ ಪೆಟ್ರೋಲ್‌ನಷ್ಟು ದೂರ ಓಡುವುದಿಲ್ಲ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಾಮಾನ್ಯವಾಗಿ ಐದನೇ ಒಂದು ಭಾಗದಷ್ಟೋ, ಸ್ವಲ್ಪ ಹೆಚ್ಚೋ, ಜಾಸ್ತಿ ಲೀಟರ್ ಬೇಕಾಗುತ್ತದೆ. ವಿಮೆಯವರಿಗೂ ಮೊದಲೇ ತಿಳಿಸಿ. ಹೇಳದೆ ಕಿಟ್ ಹಾಕಿಸಿದ ಗಾಡಿಗೆ ಏನಾದರೂ ಆದರೆ ಪರಿಹಾರ ಸಿಗದೇ ಹೋಗಬಹುದು.

ನಾವು ಆ ಸಲ ಅಕ್ಕನ ಮನೆಗೆ ಹೋಗಲೇ ಇಲ್ಲ. ಕಾಗದ ಇಲ್ಲದೆ ಮುಂದಿನ ಫೆರ್ರಿಯೂ ಹತ್ತಿಸುತ್ತಿರಲಿಲ್ಲ. ಬಂದ ದಾರಿಯಲ್ಲೇ, ಗ್ಯಾಸ್ ವಾಲ್ವ್ ಮುಚ್ಚಿ, ಪೆಟ್ರೋಲ್‌ನಲ್ಲಿ ಮನೆಗೆ ಬಂದೆವು. ಮೂರು ತಿಂಗಳು ಬಿಟ್ಟು ಮತ್ತೆ ಹೊರಟಾಗ ನೋಂದಣಿ ಪತ್ರ, ಪ್ರಮಾಣಪತ್ರ ಎರಡೂ ಕೈಯಲ್ಲಿದ್ದವು. ಸೂಟ್‌ಕೇಸ್‌ಗಳನ್ನು ಮೇಲಿನ ಕ್ಯಾರಿಯರ್‌ಗೆ ಕಟ್ಟಿದ್ದೆ. ಸಿಬ್ಬಂದಿ ಕೇಳಿದ ಕೂಡಲೇ ಡಿಕ್ಕಿ ತೆಗೆದು ವಾಲ್ವ್ ಮುಚ್ಚಿದೆ. ಕಾರನ್ನು ಮೇಲಿನ ತೆರೆದ ಡೆಕ್‌ನಲ್ಲಿ ನಿಲ್ಲಿಸಲು ಹೇಳಿದರು.