ತೊಗರಿ ಹೊಟ್ಟಿನ ಸಾರ: ಬಿಸಿನೀರಾ, ಎಥೆನಾಲಾ, ಅಲ್ಟ್ರಾಸೌಂಡಾ?

ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ತೊಗರಿ ಹೊಟ್ಟಿಗೇನೂ ಬರ ಇಲ್ಲ. ಅದರಿಂದ ಆಂಟಿಆಕ್ಸಿಡೆಂಟ್ (ಆಕ್ಸಿಜನ್ ತಾಗಿ ಕೆಡೋದನ್ನ ತಡೆಯುವ ವಸ್ತು) ತೆಗೆಯೋಕೆ ಯಾವ ದಾರಿ ಒಳ್ಳೇದು ಅಂತ ಕೇಳಿದ್ದೀರಿ. ಕಾಲೇಜು ಪ್ರಾಜೆಕ್ಟಿಗಾ, ಸಣ್ಣ ಘಟಕಕ್ಕಾ ಎಂಬುದರ ಮೇಲೆ ಉತ್ತರ ನಿಂತಿದೆ.

ಖರ್ಚಿನಲ್ಲಿ ಬಿಸಿನೀರೇ ಅಗ್ಗ. ಪಾತ್ರೆ, ಒಲೆ, ಸೋಸೋ ಬಟ್ಟೆ ಸಾಕು. ಎಥೆನಾಲ್ ಅಂದರೆ ಆಲ್ಕೋಹಾಲ್; ಅದಕ್ಕೆ ದುಡ್ಡಿನ ಜೊತೆ ಅಬಕಾರಿ ಪರವಾನಗಿಯ ಓಡಾಟವೂ ಇದೆ. ಬೆಂಕಿ ಭಯ ಬೇರೆ. ಅದರ ಆವಿ 20 ಡಿಗ್ರಿಯೊಳಗೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ನಮ್ಮ ಬೇಸಿಗೆ 40 ದಾಟುತ್ತದೆ, ಅಲ್ವಾ?

ಸಾರದ ಗುಣ ನೋಡಿದರೆ ಮಾತು ತಿರುಗುತ್ತದೆ. ನೀರು ಫೀನಾಲ್ (ಹೊಟ್ಟಿನ ಆಂಟಿಆಕ್ಸಿಡೆಂಟ್ ಮುಖ್ಯವಾಗಿ ಇವೇ) ಜೊತೆ ಸಕ್ಕರೆ, ಪ್ರೋಟೀನನ್ನೂ ಎಳೆದು ತರುತ್ತದೆ. ಹಾಗೇ ಇಟ್ಟರೆ ಬೇಗ ಹುಳಿ ಹಿಡಿಯುತ್ತದೆ. ನೀರು ಬೆರೆಸಿದ, ಶೇ. 50ರಿಂದ 70ರ ಎಥೆನಾಲ್ ಸಾಮಾನ್ಯವಾಗಿ ಜಾಸ್ತಿ ಫೀನಾಲ್ ಕೊಡುತ್ತದೆ. ಅಪ್ಪಟ ಎಥೆನಾಲ್ ಸುಮ್ನೆ ದಂಡ. ಜೊತೆಗೆ ಎಥೆನಾಲ್ 78 ಡಿಗ್ರಿಗೇ ಕುದಿಯುವುದರಿಂದ ಬಟ್ಟಿ ಇಳಿಸಿ ಮತ್ತೆ ಬಳಸಬಹುದು.

ಅಲ್ಟ್ರಾಸೌಂಡ್ ಬೇರೆ ದ್ರಾವಕವಲ್ಲ, ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಇವೆರಡಕ್ಕೂ ಕೈಜೋಡಿಸುವ ಯಂತ್ರ. ಗಂಟೆಗಟ್ಟಲೆ ಕೆಲಸ ಎಷ್ಟೋ ಸಲ ಅರ್ಧ ಗಂಟೆಗೆ ಇಳಿಯುತ್ತದೆ. ಪಾತ್ರೆ ಬಿಸಿಯಾಗದಂತೆ ನೋಡಿಕೊಳ್ಳಬೇಕು.

ಲ್ಯಾಬಿನಲ್ಲಿ ಅಲ್ಟ್ರಾಸಾನಿಕ್ ಬಾತ್ (ಅಲ್ಟ್ರಾಸೌಂಡ್ ಕೊಡುವ ನೀರಿನ ತೊಟ್ಟಿ) ಇದ್ದರೆ ವಿದ್ಯಾರ್ಥಿಗಳು ಅದನ್ನೇ ಹಿಡಿಯಲಿ. ಆಂಟಿಆಕ್ಸಿಡೆಂಟ್ ಪರೀಕ್ಷೆಗೆ ಬಳಸುವ ರಾಸಾಯನಿಕ ಡಿಪಿಪಿಎಚ್‌ನ ನೇರಳೆ ಬಣ್ಣ ಹಳದಿಗೆ ತಿರುಗಿದರೆ ಸಾರ ಕೆಲಸ ಮಾಡುತ್ತಿದೆ. ಪರವಾನಗಿ, ಬಟ್ಟಿ ಯಂತ್ರ, ಖಾಯಂ ಗಿರಾಕಿ ಇರುವ ಘಟಕಕ್ಕೆ ಎಥೆನಾಲ್. ಇನ್ನೂ ಪ್ರಯೋಗ ಮಾಡಿ ನೋಡುತ್ತಿರುವವರಿಗೆ ಬಿಸಿನೀರು, ಆದರೆ ಅವತ್ತೇ ಒಣಗಿಸೋ ವ್ಯವಸ್ಥೆ ಇರಲಿ.