ಗೊಜ್ಜಿಗೆ ಲಿಂಗಾನೋ ಯೂಟ್ರಾನೋ?

ಉತ್ತರ ಸ್ವೀಡನ್ನಿನ ಉಮೆಯೊಗೆ ಬಂದು ಇದು ಮೂರನೇ ವರ್ಷ. ಹುಣಸೆಹಣ್ಣು ಇಲ್ಲಿ ಸಿಗುವುದಿಲ್ಲ ಅಂತಲ್ಲ, ಆದರೆ ಮನೆ ಹಿಂದಿನ ಕಾಡಿನಲ್ಲಿ ಹುಳಿ ಹಣ್ಣು ಕೆಂಪಗೆ ತುಂಬಿರುವಾಗ ದುಡ್ಡು ಕೊಟ್ಟು ಹುಳಿ ತರುವುದೇಕೆ? ಇಲ್ಲಿ ಯಾರ ಕಾಡಾದರೂ ಸರಿ, ಒಳಗೆ ಹೋಗಿ ಹಣ್ಣು ಕೀಳಬಹುದು. ಮನೆಯಂಗಳಕ್ಕೆ ಮಾತ್ರ ಕಾಲಿಡಬಾರದು. ಹಾಗಾಗಿ ಈ ಸಲ ಲಿಂಗಾನ್, ಯೂಟ್ರಾನ್ ಅನ್ನುವ ಇಲ್ಲಿನ ಎರಡು ಕಾಡುಹಣ್ಣುಗಳನ್ನೂ ನಮ್ಮ ಅಡುಗೆಗೆ ಹಾಕಿ ನೋಡಿದೆ. ಆ ಕೆಂಪು ಹುಳಿ ಹಣ್ಣೇ ಲಿಂಗಾನ್. ಇಂಗ್ಲಿಷಿನವರು ಕ್ಲೌಡ್‌ಬೆರಿ ಅನ್ನುವುದು ಈ ಯೂಟ್ರಾನನ್ನೇ.

ಯೂಟ್ರಾನ್ ಜುಲೈ ಕೊನೆಗೇ ಹಣ್ಣಾಗುತ್ತದೆ. ಜೌಗು ನೆಲದ ಗಿಡ, ಒಂದು ಕಡ್ಡಿಗೆ ಒಂದೇ ಹಣ್ಣು. ತಮಾಷೆ ಅಂದರೆ ಕಾಯಿ ಕೆಂಪಗಿರುತ್ತದೆ, ಮಾಗಿದ ಮೇಲೆ ಮಾವಿನಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಗೊತ್ತಿಲ್ಲದೆ ಅರ್ಧ ಗಂಟೆ ಕೆಂಪನ್ನೇ ಆರಿಸಿ ಆರಿಸಿ ಕಿತ್ತಿದ್ದೆ. ಎಲ್ಲಿ ಸಿಗುತ್ತದೆ ಅಂತ ಆಫೀಸಿನಲ್ಲಿ ಕೇಳಿದರೆ ನಕ್ಕು ಮಾತು ಬದಲಿಸುತ್ತಾರೆ, ನಮ್ಮಲ್ಲಿ ಅಣಬೆ ಏಳುವ ಜಾಗ ಯಾರೂ ಬಾಯಿ ಬಿಡುವುದಿಲ್ಲವಲ್ಲ, ಹಾಗೆ. ಮೂರು ಗಂಟೆ ಅಲೆದು ಸಿಕ್ಕಿದ್ದು ಒಂದು ಸಣ್ಣ ಡಬ್ಬಿ. ಲಿಂಗಾನ್ ಹಾಗಲ್ಲ. ಸೆಪ್ಟೆಂಬರಿನಲ್ಲಿ ಬಾಚಣಿಗೆಯಂಥ ಹಲ್ಲಿರುವ ಡಬ್ಬಿಯನ್ನು ಗಿಡದ ಮೇಲೆ ಎಳೆದರೆ ಆಯಿತು, ಒಂದೇ ಮಧ್ಯಾಹ್ನಕ್ಕೆ ನಾಲ್ಕು ಕಿಲೋ. ಎಲೆ, ಕಸ ಜಾಸ್ತಿ ಬರುತ್ತದೆ. ಮೊರ ಇಲ್ಲ, ಊಟದ ತಟ್ಟೆಯಲ್ಲೇ ಕೇರಿದೆ.

ಲಿಂಗಾನ್ ಬಾಯಿಗಿಟ್ಟರೆ ಕವಳಿಹಣ್ಣಿನ ನೆನಪು. ಹುಳಿ, ಒಗರು, ಕೊನೆಗೆ ಚೂರು ಕಹಿ. ಸಾಸಿವೆ, ಇಂಗು, ಊರಿಂದ ತಂದ ಒಣ ಕರಿಬೇವಿನ ಒಗ್ಗರಣೆಗೆ ಎರಡು ಹಿಡಿ ಸುರಿದೆ. ಪಟಪಟ ಒಡೆದು ರಸ ಬಿಟ್ಟಿತು. ಒಂದು ಚಮಚ ಸಾರಿನ ಪುಡಿ, ಉಪ್ಪು, ನಿಂಬೆ ಗಾತ್ರದ ಬೆಲ್ಲ. ಹುಣಸೆ ಹಾಕಲೇ ಇಲ್ಲ. ಅನ್ನಕ್ಕೆ ಕಲಸಿದರೆ ಬಣ್ಣ ಬೀಟ್‌ರೂಟಿನದು, ರುಚಿ ಹಾಗಲಕಾಯಿ ಗೊಜ್ಜಿನ ಹತ್ತಿರದ ನೆಂಟ. ಮೊಸರನ್ನಕ್ಕೂ ದಾಳಿಂಬೆ ಬದಲು ಹಸಿ ಲಿಂಗಾನನ್ನೇ ಉದುರಿಸುತ್ತಿದ್ದೇವೆ.

ಫ್ರೀಜರಿನಲ್ಲಿದ್ದ ಯೂಟ್ರಾನನ್ನು ಅದೇ ಒಗ್ಗರಣೆಗೆ ಹಾಕಿದ್ದು ನನ್ನ ತಪ್ಪು. ಅದರ ಜೇನಿನಂಥ ಪರಿಮಳ ಇಂಗಿನ ಮುಂದೆ ಹೇಳಹೆಸರಿಲ್ಲದೆ ಹೋಯಿತು, ಉಳಿದದ್ದು ಹಲ್ಲಿಗೆ ಸಿಗುವ ಗಟ್ಟಿ ಬೀಜ. ಹೆಂಡತಿ ಒಂದು ತುತ್ತು ತಿಂದು, "ಇದಕ್ಕಾ ಅಷ್ಟು ಸೊಳ್ಳೆ ಕಚ್ಚಿಸಿಕೊಂಡಿದ್ದು?" ಅಂದಳು. ಮಿಕ್ಕಿದ್ದನ್ನು ಇಲ್ಲಿಯವರ ಹಾಗೆ ಸಕ್ಕರೆ ಹಾಕಿ ಬಿಸಿ ಮಾಡಿ ವೆನಿಲಾ ಐಸ್‌ಕ್ರೀಂ ಮೇಲೆ ಸುರಿದೆವು. ಅಲ್ಲಿ ಮಾತ್ರ ಲಿಂಗಾನ್ ಅದರ ಹತ್ತಿರಕ್ಕೂ ಬರುವುದಿಲ್ಲ. ಅಂಗಡಿಯಲ್ಲಿ ಯೂಟ್ರಾನಿಗೆ ಅಷ್ಟು ಬೆಲೆ ಯಾಕೆ ಅಂತ ಆವತ್ತು ಗೊತ್ತಾಯಿತು.

ಬಾಳಿಕೆಯಲ್ಲಿ ಎರಡೂ ಸಮ. ಎರಡರಲ್ಲೂ ಬೆಂಜೋಯಿಕ್ ಆಮ್ಲ ತಾನಾಗೇ ಇರುತ್ತದೆ, ಬೇಗ ಕೆಡುವುದಿಲ್ಲ. ಹಿಂದೆ ಲಿಂಗಾನನ್ನು ಬರೀ ನೀರಿನಲ್ಲಿ ಮುಳುಗಿಸಿಟ್ಟೇ ಚಳಿಗಾಲ ಕಳೆಯುತ್ತಿದ್ದರಂತೆ. ನಾವು ಕಿಲೋಗೆ 400 ಗ್ರಾಂ ಸಕ್ಕರೆ ಹಾಕಿ ಬೇಯಿಸದೆ ಕಲಸಿಟ್ಟಿದ್ದೇವೆ, ರಗ್‌ಮುಂಕ್ ಅನ್ನುವ ಇಲ್ಲಿನ ಆಲೂಗಡ್ಡೆ ದೋಸೆಗೆ ಬೇಕೇ ಬೇಕು.

ಬೆಂಗಳೂರಿನವರು ನೋಡಬೇಕೆಂದರೆ ನಾಗಸಂದ್ರದ ಐಕಿಯಾದಲ್ಲಿ ಲಿಂಗಾನ್ ಜಾಮ್ ಸಿಗುತ್ತದೆ. ಅದರಲ್ಲಿ ಸಕ್ಕರೆ ಇರುವುದರಿಂದ ಗೊಜ್ಜಿಗೆ ಬೆಲ್ಲ ಬಿಡಿ, ಹುಣಸೆ ಮಾತ್ರ ಸ್ವಲ್ಪ ಹಾಕಲೇಬೇಕು.